ಧ್ವನಿಪೆಟ್ಟಿಗೆಯ ಕ್ಯಾನ್ಸರ್: ಗಂಟಲಿನ ಪುನರ್ನಿರ್ಮಾಣದ ನಂತರ ಧ್ವನಿಯನ್ನು ಮರಳಿ ಪಡೆಯುವ ಬಗೆ

ಧ್ವನಿಪೆಟ್ಟಿಗೆಯಲ್ಲಿ ಬೆಳೆದ ಕ್ಯಾನ್ಸರನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಗಂಟಲಿನ ದಾರಿಯನ್ನು ಅಲ್ಲೇ ಉಳಿದ ಅಥವಾ ಮೈಯ ಬೇರೆ ಭಾಗದಿಂದ ತಂದ ಅಂಗಾಂಶದಿಂದ ಮತ್ತೆ ಕಟ್ಟಿದ ಬಳಿಕ, ರೋಗಿಯು ಹೊಸದೊಂದು ಕಂಪನಮೂಲದಿಂದ ಮಾತನಾಡುವುದನ್ನು ಕಲಿಯುವ ಕ್ರಮವೇ ಧ್ವನಿಯ ಪುನಃಪ್ರಾಪ್ತಿ. ಇಲ್ಲಿ ಮರಳಿ ಬರುವುದು ಹಳೆಯ ದನಿಯಲ್ಲ. ನಾಲಿಗೆ, ತುಟಿ, ಹಲ್ಲು, ಅಂಗುಳಗಳು ಮೊದಲಿನಂತೆಯೇ ಇರುವುದರಿಂದ ಅಕ್ಷರಗಳನ್ನು ರೂಪಿಸುವ ಶಕ್ತಿ ಉಳಿದಿರುತ್ತದೆ. ಹೋಗಿರುವುದು ಆ ಅಕ್ಷರಗಳಿಗೆ ನಾದವನ್ನು ಒದಗಿಸುತ್ತಿದ್ದ ಮೂಲ ಮಾತ್ರ. ನಾದವನ್ನು ಎಲ್ಲಿಂದ ತರಬಹುದೆಂಬುದು ಶಸ್ತ್ರವೈದ್ಯರ ಪ್ರಶ್ನೆಯಾದರೆ, ಆ ನಾದದಲ್ಲಿ ಕನ್ನಡವನ್ನು ಎಷ್ಟರಮಟ್ಟಿಗೆ ಆಡಬಹುದು, ಊರಿನ ದುಡಿಮೆಯ ನಡುವೆ ಅದನ್ನು ಹೇಗೆ ಕಾಪಾಡಿಕೊಳ್ಳಬಹುದು ಎಂಬ ಪ್ರಶ್ನೆಗಳು ರೋಗಿಗೂ ಅವನ ಮನೆಯವರಿಗೂ ಉಳಿಯುತ್ತವೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು, ದೊಡ್ಡ ಕ್ಯಾನ್ಸರ್ ಕೇಂದ್ರಗಳಿಂದ ದೂರವಿರುವ ಮಲೆನಾಡಿನ ಅಂಚಿನ ಕೃಷಿಪ್ರದೇಶವಾಗಿ, ಈ ಎರಡನೆಯ ಬಗೆಯ ಪ್ರಶ್ನೆಗಳಿಗೆ ತಕ್ಕ ನಿದರ್ಶನವಾಗಿವೆ.

ಧ್ವನಿಪೆಟ್ಟಿಗೆಯು ಶ್ವಾಸನಾಳದ ತುದಿಯಲ್ಲಿರುವ ಮೃದ್ವಸ್ಥಿಗಳ ಗೂಡು. ಗಂಡಸರ ಕುತ್ತಿಗೆಯಲ್ಲಿ ಉಬ್ಬಿ ಕಾಣುವ ಗುರಾಣಿಯಾಕಾರದ ಮೃದ್ವಸ್ಥಿ, ಅದರ ಕೆಳಗಿನ ಉಂಗುರದಾಕಾರದ ಮೃದ್ವಸ್ಥಿ, ಹಿಂಬದಿಯ ಎರಡು ಚಿಕ್ಕ ಅರಿಟಿನಾಯ್ಡ್‌ಗಳು ಮತ್ತು ನುಂಗುವಾಗ ಬಾಗುವ ಎಪಿಗ್ಲಾಟಿಸ್ ಎಂಬ ಎಲೆಯಾಕಾರದ ಮುಚ್ಚಳ ಇದರ ಮುಖ್ಯ ಭಾಗಗಳು. ಮಾತು ಇದರ ಮೊದಲ ಕೆಲಸವಲ್ಲ. ಅನ್ನ ನೀರು ಶ್ವಾಸನಾಳಕ್ಕೆ ಇಳಿಯದಂತೆ ಬಾಗಿಲು ಮುಚ್ಚುವುದು ಇದರ ಹಳೆಯ ಕೆಲಸ. ಉಸಿರು ಹೊರಬರುವಾಗ ಎರಡು ಧ್ವನಿತಂತುಗಳು ಒಂದಕ್ಕೊಂದು ತಾಗಿ, ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರಲ್ಲಿ 200ರ ಆಸುಪಾಸು ಕಂಪಿಸುತ್ತವೆ. ಉಸಿರಾಟ, ನುಂಗುವಿಕೆ, ಮಾತು ಈ ಮೂರೂ ಒಂದೇ ಇಕ್ಕಟ್ಟಿನ ಜಾಗದಲ್ಲಿ ಕೂಡುವುದರಿಂದ, ಶಸ್ತ್ರವೈದ್ಯನು ಮೂರರಲ್ಲಿ ಒಂದನ್ನು ಉಳಿಸಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಸಂದರ್ಭಗಳು ಒದಗುತ್ತವೆ.

ಈ ಭಾಗದ ಕ್ಯಾನ್ಸರುಗಳಲ್ಲಿ ಬಹುಪಾಲು ಒಳಪೊರೆಯ ಚಪ್ಪಟೆ ಜೀವಕೋಶಗಳಿಂದ ಹುಟ್ಟುವಂಥವು. ಬೀಡಿ, ಸಿಗರೇಟಿನ ಹೊಗೆ ಮುಖ್ಯ ಕಾರಣ. ಅದಕ್ಕೆ ಮದ್ಯಪಾನ ಜೊತೆಯಾದರೆ ಅಪಾಯ ಬರಿಯ ಕೂಡಿಕೆಗಿಂತ ಹೆಚ್ಚಾಗುತ್ತದೆ. ಅಡಿಕೆ ಬೆಳೆಯುವ ಸೀಮೆಯಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತಾದರೂ, ಅದರ ಪೆಟ್ಟು ಹೆಚ್ಚಾಗಿ ಬೀಳುವುದು ಬಾಯಿಯ ಮೇಲೆ, ಧ್ವನಿಪೆಟ್ಟಿಗೆಯ ವಿಷಯದಲ್ಲಿ ಹೊಗೆಯೇ ಪ್ರಮುಖ ಆರೋಪಿ. ಧ್ವನಿತಂತುವಿನ ಮೇಲೆಯೇ ಗಡ್ಡೆ ಹುಟ್ಟಿದರೆ ಅದು ಅಕ್ಕಿಕಾಳಿನಷ್ಟಿರುವಾಗಲೇ ದನಿ ಒಡೆಯುತ್ತದೆ. ಮೂರು ವಾರ ಮೀರಿದ ಗೊಗ್ಗರು ದನಿಯನ್ನು ‘ಗಂಟಲು ಕಟ್ಟಿದೆ’ ಎಂದು ಕಷಾಯದಲ್ಲಿ ಕಳೆಯದೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿದವರಿಗೆ ಲೇಸರ್ ಅಥವಾ ವಿಕಿರಣ ಚಿಕಿತ್ಸೆಯೊಂದರಿಂದಲೇ ರೋಗ ವಾಸಿಯಾಗಿ ಹೆಚ್ಚುಕಡಿಮೆ ಸ್ವಂತ ದನಿಯೇ ಉಳಿಯುವ ಸಾಧ್ಯತೆ ಹೆಚ್ಚು. ಧ್ವನಿತಂತುವಿನ ಮೇಲ್ಭಾಗದಲ್ಲಿ ಹುಟ್ಟಿದ ಗಡ್ಡೆ ಇಷ್ಟು ಬೇಗ ಸುಳಿವು ಕೊಡುವುದಿಲ್ಲ. ನುಂಗುವಾಗಿನ ನೋವು, ಕಿವಿಯವರೆಗೆ ಸೆಳೆಯುವ ನೋವು, ಕುತ್ತಿಗೆಯ ಗಂಟು ಕಾಣಿಸುವ ಹೊತ್ತಿಗೆ ರೋಗ ಮುಂದುವರಿದಿರುತ್ತದೆ. ಇತ್ತ ಶಿಕಾರಿಪುರಕ್ಕೆ ದೂರವಲ್ಲದ ಸಾಗರ ತಾಲ್ಲೂಕಿನ ನರಸೀಪುರದಲ್ಲಿ ಮರದ ತೊಗಟೆಯ ಔಷಧಿಗಾಗಿ ದೇಶದ ನಾನಾ ಕಡೆಯ ಕ್ಯಾನ್ಸರ್ ರೋಗಿಗಳು ವರ್ಷಗಟ್ಟಲೆ ಸಾಲುನಿಂತದ್ದು ಪ್ರಸಿದ್ಧ ಸಂಗತಿ. ಆ ಸಾಲನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಕುತ್ತಿಗೆ ಕೊಯ್ಸಿಕೊಂಡು ಮೂಗನಾಗುವ ಭಯವೂ ಅಂಥ ಸಾಲುಗಳಲ್ಲಿ ನಿಂತಿರುತ್ತದೆ ಎಂಬುದನ್ನು ಮರೆಯಬಾರದು. ಧ್ವನಿತಂತುವಿನ ಕ್ಯಾನ್ಸರಿನಲ್ಲಿ ಮಾತ್ರ ಕೆಲವು ತಿಂಗಳುಗಳ ವಿಳಂಬಕ್ಕೆ ಧ್ವನಿಪೆಟ್ಟಿಗೆಯನ್ನೇ ಬೆಲೆಯಾಗಿ ತೆರಬೇಕಾಗಬಹುದು.

ಇಡೀ ಧ್ವನಿಪೆಟ್ಟಿಗೆಯನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಕ್ಯಾನ್ಸರಿಗಾಗಿ ವಿಯೆನ್ನಾದ ಥಿಯೋಡರ್ ಬಿಲ್‌ರೋತ್ 1873ರ ಡಿಸೆಂಬರ್ 31ರಂದು ನಡೆಸಿದ. ಮರುವರ್ಷವೇ ಅವನ ಸಹಾಯಕ ಗುಸ್ಸೆನ್‌ಬಾವರ್ ಆ ರೋಗಿಗೆ ಮಾಡಿಕೊಟ್ಟ ಕೃತಕ ಧ್ವನಿಪೆಟ್ಟಿಗೆಯನ್ನು ವರ್ಣಿಸಿದ. ಅಂದರೆ ಧ್ವನಿಯನ್ನು ಮರಳಿ ಕೊಡುವ ಯತ್ನವೂ ಅದನ್ನು ಕಳೆಯುವ ಶಸ್ತ್ರಚಿಕಿತ್ಸೆಯಷ್ಟೇ ಹಳೆಯದು. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಧ್ವನಿಪೆಟ್ಟಿಗೆಯ ಒಂದು ಭಾಗವನ್ನಷ್ಟೇ ತೆಗೆಯುವ ವಿಧಾನಗಳು ರೂಢಿಗೆ ಬಂದವು. ಉರುಗ್ವೆಯ ಅಲೊನ್ಸೊ 1947ರಲ್ಲಿ ಧ್ವನಿತಂತುವಿನ ಮೇಲ್ಭಾಗವನ್ನು ಮಾತ್ರ ತೆಗೆಯುವ ಕ್ರಮವನ್ನು ಪ್ರಕಟಿಸಿದ. 1959ರಲ್ಲಿ ಆಸ್ಟ್ರಿಯದ ಮಾಯರ್ ಮತ್ತು ರೀಡರ್ ಎಂಬವರು ಉಂಗುರದಾಕಾರದ ಮೃದ್ವಸ್ಥಿಯ ಮೇಲಿನ ಬಹುಭಾಗವನ್ನು ತೆಗೆದು, ಆ ಉಂಗುರವನ್ನು ನಾಲಿಗೆಯ ಬುಡದ ಹಯಾಯ್ಡ್ ಮೂಳೆಗೆ ಎಳೆದು ಕಟ್ಟುವ ಪುನರ್ನಿರ್ಮಾಣವನ್ನು ವಿವರಿಸಿದರು. ಈ ಕೊನೆಯದರಲ್ಲಿ ಧ್ವನಿತಂತುಗಳೆರಡೂ ಹೋಗಿದ್ದರೂ ಉಳಿದ ಅರಿಟಿನಾಯ್ಡ್ ಮುಂದಕ್ಕೆ ಬಾಗಿ ಎಪಿಗ್ಲಾಟಿಸ್‌ಗೋ ನಾಲಿಗೆಯ ಬುಡಕ್ಕೋ ತಾಗಿ ಕಂಪಿಸುತ್ತದೆ. ದನಿ ಒರಟಾಗಿ, ಗಾಳಿ ಸೋರಿದಂತೆ ಕೇಳುತ್ತದೆ; ಆದರೆ ಉಸಿರು ಮೂಗಿನಿಂದಲೇ ಆಡುತ್ತದೆ, ಕುತ್ತಿಗೆಯಲ್ಲಿ ಶಾಶ್ವತ ರಂಧ್ರವಿರುವುದಿಲ್ಲ. ಇಂಥ ರೋಗಿಗೆ ಮೊದಲ ವಾರಗಳಲ್ಲಿ ಮಾತಿಗಿಂತ ನುಂಗುವುದೇ ಕಷ್ಟ. ಗಂಜಿಗಿಂತ ತೆಳುವಾದ ನೀರು ಶ್ವಾಸನಾಳಕ್ಕೆ ಬೇಗ ಜಾರುವುದರಿಂದ, ಗದ್ದ ಎದೆಗೆ ತಾಗಿಸಿ ಉಸಿರು ಬಿಗಿಹಿಡಿದು ನುಂಗಿ ಕೂಡಲೇ ಕೆಮ್ಮುವ ಅಭ್ಯಾಸವನ್ನು ವಾಕ್ ಚಿಕಿತ್ಸಕರು ಕಲಿಸುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್‌ನ ಪಿಯರ್ಸನ್ 1980ರ ದಶಕದ ಆರಂಭದಲ್ಲಿ ರೂಪಿಸಿದ ವಿಧಾನವು ಭಾಗಶಃ ಮತ್ತು ಪೂರ್ಣ ಶಸ್ತ್ರಚಿಕಿತ್ಸೆಗಳ ನಡುವಿನದು: ರೋಗವಿಲ್ಲದ ಬದಿಯ ಸ್ನಾಯುವಿನ ಪಟ್ಟಿಯಿಂದ ಶ್ವಾಸನಾಳಕ್ಕೂ ಗಂಟಲಕುಳಿಗೂ ನಡುವೆ ಕಿರಿದಾದ ಜೀವಂತ ಕೊಳವೆಯನ್ನು ಕಟ್ಟಲಾಗುತ್ತದೆ, ಕುತ್ತಿಗೆಯ ರಂಧ್ರವನ್ನು ಬೆರಳಿನಿಂದ ಮುಚ್ಚಿದರೆ ಉಸಿರು ಅದರ ಮೂಲಕ ಹಾದು ನಾದವಾಗುತ್ತದೆ. ಕೃತಕ ಸಾಧನವೊಂದನ್ನೂ ಕೊಳ್ಳುವ, ಬದಲಿಸುವ ಗೋಜಿಲ್ಲದ ಕಾರಣ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕಡೆ ಇದನ್ನು ಆಸಕ್ತಿಯಿಂದ ಬಳಸಲಾಗಿದೆ.

ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 332 ರೋಗಿಗಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಪರೀಕ್ಷೆಯು, ಮುಂದುವರಿದ ರೋಗದಲ್ಲೂ ಔಷಧ ಮತ್ತು ವಿಕಿರಣದಿಂದ ಶೇ. 64ರಷ್ಟು ಮಂದಿಯ ಧ್ವನಿಪೆಟ್ಟಿಗೆಯನ್ನು ಆಯುಷ್ಯಕ್ಕೆ ಕುಂದಿಲ್ಲದೆ ಉಳಿಸಬಹುದೆಂದು ತೋರಿಸಿದ ಮೇಲೆ ಪೂರ್ಣ ಶಸ್ತ್ರಚಿಕಿತ್ಸೆಯ ಬಳಕೆ ಕಡಿಮೆಯಾಯಿತು. ಆದರೂ ಗಡ್ಡೆಯು ಮೃದ್ವಸ್ಥಿಯನ್ನು ಕೊರೆದು ಹೊರಬಂದವರಿಗೆ, ವಿಕಿರಣದ ಬಳಿಕ ರೋಗ ಮರಳಿದವರಿಗೆ ಅದೇ ದಾರಿ. ಆಗ ಶ್ವಾಸನಾಳದ ತುದಿಯನ್ನು ಕುತ್ತಿಗೆಯ ಮುಂಭಾಗದ ಚರ್ಮಕ್ಕೆ ಹೊಲಿದು ಶಾಶ್ವತ ರಂಧ್ರ ಮಾಡುತ್ತಾರೆ. ಉಸಿರಿನ ದಾರಿ ಮತ್ತು ಅನ್ನದ ದಾರಿ ಎಂದೆಂದಿಗೂ ಬೇರೆಯಾಗುತ್ತವೆ. ಗಂಟಲಕುಳಿಯ ಗೋಡೆ ಸಾಕಷ್ಟು ಉಳಿದಿದ್ದರೆ ಅದನ್ನೇ ಸೇರಿಸಿ ಹೊಲಿಯಲಾಗುತ್ತದೆ. ಉಳಿಯದಿದ್ದಲ್ಲಿ ಎದೆಯ ದೊಡ್ಡ ಸ್ನಾಯುವನ್ನು ಅದರ ರಕ್ತನಾಳದೊಡನೆ ಮೇಲಕ್ಕೆ ತಿರುಗಿಸಿ ತರುವ ವಿಧಾನ 1979ರಿಂದ ಬಳಕೆಯಲ್ಲಿದೆ. ಮುಂಗೈಯ ಅಥವಾ ತೊಡೆಯ ಚರ್ಮವನ್ನು ಕೊಳವೆಯಾಗಿ ಸುತ್ತಿ ಸೂಕ್ಷ್ಮದರ್ಶಕದಡಿ ಕುತ್ತಿಗೆಯ ರಕ್ತನಾಳಗಳಿಗೆ ಜೋಡಿಸುವುದು, ಸಣ್ಣ ಕರುಳಿನ ತುಂಡನ್ನು ಇಡುವುದು, ಅನ್ನನಾಳವೂ ಹೋದಲ್ಲಿ ಜಠರವನ್ನೇ ಮೇಲಕ್ಕೆಳೆಯುವುದು ಇತರ ಮಾರ್ಗಗಳು. ಮುಂದೆ ಬರುವ ಧ್ವನಿಯ ಗುಣ ಈ ಆಯ್ಕೆಯಲ್ಲೇ ಅರ್ಧ ತೀರ್ಮಾನವಾಗಿಬಿಡುತ್ತದೆ. ಸ್ವಂತ ಗಂಟಲಕುಳಿಯ ಗೋಡೆ ಚೆನ್ನಾಗಿ ಕಂಪಿಸುತ್ತದೆ. ತೆಳುವಾದ ಮುಂಗೈ ಚರ್ಮದ ಕೊಳವೆಯಲ್ಲಿ ದನಿ ಸಾಧಾರಣ. ಲೋಳೆ ಸುರಿಸುತ್ತಲೇ ಇರುವ ಕರುಳಿನಲ್ಲಿ ದನಿ ನೀರು ತುಂಬಿದಂತೆ ಗುಳುಗುಳು ಎನ್ನುತ್ತದೆ. ಅಗಲವಾದ ಜಠರದಲ್ಲಿ ತಗ್ಗಿದ, ಬಲವಿಲ್ಲದ ನಾದ ಹುಟ್ಟುತ್ತದೆ. ಮೊದಲೇ ವಿಕಿರಣ ಪಡೆದ ಕುತ್ತಿಗೆಯಲ್ಲಿ ಹೊಲಿಗೆ ಸೋರಿ ಉಗುಳು ಚರ್ಮದ ಮೇಲೆ ಹರಿಯುವ ತೊಡಕು ಹೆಚ್ಚು. ಹಾಗಾದರೆ ಮೂಗಿನ ಕೊಳವೆಯ ಊಟವೂ ಮಾತಿನ ಅಭ್ಯಾಸದ ಆರಂಭವೂ ವಾರಗಟ್ಟಲೆ ಮುಂದಕ್ಕೆ ಹೋಗುತ್ತವೆ.

ಪೂರ್ಣ ಶಸ್ತ್ರಚಿಕಿತ್ಸೆಯಾದವರಿಗೆ ಧ್ವನಿಗೆ ಮೂರು ದಾರಿಗಳಿವೆ. ಹಳೆಯದು ಅನ್ನನಾಳದ ಮಾತು: ಬಾಯಿಯ ಗಾಳಿಯನ್ನು ನಾಲಿಗೆಯಿಂದ ಒತ್ತಿ ಅನ್ನನಾಳದ ಮೇಲ್ತುದಿಗೆ ಇಳಿಸಿ, ತೇಗಿನಂತೆ ಹಿಂದಕ್ಕೆ ಬಿಡುವಾಗ ಅಲ್ಲಿನ ಸ್ನಾಯುವಿನ ಉಂಗುರ ಕಂಪಿಸುತ್ತದೆ. ಖರ್ಚಿಲ್ಲ, ಕೈಗಳು ಬಿಡುವಾಗಿರುತ್ತವೆ. ಆದರೆ ಒಂದು ಸಲಕ್ಕೆ ಸಿಗುವ ಗಾಳಿ ಸುಮಾರು 60ರಿಂದ 80 ಮಿಲಿಲೀಟರ್ ಮಾತ್ರ, ಕಲಿಕೆಗೆ ತಿಂಗಳುಗಳು ಬೇಕು, ಕಲಿಯಲಾಗದವರು ಬಹಳ. ಎರಡನೆಯದು ಎಲೆಕ್ಟ್ರೋಲಾರಿಂಕ್ಸ್ ಎಂಬ, ಟಾರ್ಚಿನಷ್ಟು ದೊಡ್ಡ ಬ್ಯಾಟರಿ ಸಾಧನ. ಗದ್ದದ ಕೆಳಗೆ ಒತ್ತಿ ಗುಂಡಿ ಅದುಮಿದರೆ ಅದರ ಗುಂಯ್‌ಗುಡುವ ಕಂಪನ ಬಾಯಿಯೊಳಗೆ ಹಾಯ್ದು ತುಟಿ ನಾಲಿಗೆಗಳಿಂದ ಮಾತಾಗುತ್ತದೆ. ವಿಕಿರಣದಿಂದ ಕುತ್ತಿಗೆ ಗಟ್ಟಿಯಾಗಿದ್ದರೆ ಸಣ್ಣ ನಳಿಕೆಯ ಮೂಲಕ ನಾದವನ್ನು ನೇರವಾಗಿ ಬಾಯಿಗೆ ಬಿಡಬಹುದು. ಮೂರನೆಯದು ಎರಿಕ್ ಬ್ಲಾಮ್ ಮತ್ತು ಮಾರ್ಕ್ ಸಿಂಗರ್ ಎಂಬವರು 1980ರಲ್ಲಿ ಪ್ರಕಟಿಸಿದ ಕವಾಟದ ವಿಧಾನ. ಶ್ವಾಸನಾಳಕ್ಕೂ ಅದರ ಹಿಂದಿನ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಒಂದು ತೂತು ಮಾಡಿ, ಒಮ್ಮುಖವಾಗಿ ತೆರೆಯುವ ಸಿಲಿಕೋನ್ ಕವಾಟವನ್ನು ಕೂರಿಸುತ್ತಾರೆ. ರೋಗಿ ಕುತ್ತಿಗೆಯ ರಂಧ್ರವನ್ನು ಹೆಬ್ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಶ್ವಾಸಕೋಶದ ಪೂರ್ಣ ಗಾಳಿ ಅನ್ನನಾಳಕ್ಕೆ ನುಗ್ಗಿ ಅದೇ ಸ್ನಾಯುವಿನ ಉಂಗುರವನ್ನು ಕಂಪಿಸುವಂತೆ ಮಾಡುತ್ತದೆ, ಅನ್ನ ಮಾತ್ರ ಈ ಕಡೆಗೆ ಬರುವುದಿಲ್ಲ. ಕವಾಟವೇ ಮಾತನಾಡುತ್ತದೆಂಬ ತಪ್ಪು ತಿಳುವಳಿಕೆ ವ್ಯಾಪಕವಾಗಿದೆ. ಅದು ಬರಿಯ ಬಾಗಿಲು, ದನಿ ಹುಟ್ಟುವುದು ಗಂಟಲಿನ ಮಾಂಸದಲ್ಲಿ. ಆ ಸ್ನಾಯು ಸೆಟೆದುಕೊಂಡರೆ ಎಷ್ಟು ಬೆಲೆಯ ಕವಾಟವಿದ್ದರೂ ದನಿ ಹೊರಡದು. ಸ್ನಾಯುವನ್ನು ಸೀಳಿ ಸಡಿಲಿಸುವುದೋ ಬೊಟುಲಿನಮ್ ಚುಚ್ಚುಮದ್ದು ಕೊಡುವುದೋ ಆಗ ಪರಿಹಾರ.

ವಿದೇಶಿ ಕವಾಟಗಳು ಹದಿನೈದು, ಇಪ್ಪತ್ತು ಸಾವಿರ ರೂಪಾಯಿ ಮತ್ತು ಅದಕ್ಕೂ ಮೇಲಿನ ಬೆಲೆಯವಾಗಿದ್ದಾಗ, ಬೆಂಗಳೂರಿನ ಎಚ್‌ಸಿಜಿ ಆಸ್ಪತ್ರೆಯ ತಲೆ, ಕುತ್ತಿಗೆ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅವರು ಉದ್ಯಮಿ ಗೆಳೆಯ ಶಶಾಂಕ್ ಮಹೇಶ್ ಅವರೊಡನೆ ಸೇರಿ ‘ಓಂ’ ಎಂಬ ಕವಾಟವನ್ನು ರೂಪಿಸಿ 2015ರ ಹೊತ್ತಿಗೆ ಸುಮಾರು 50 ರೂಪಾಯಿಗೆ ಕೊಡಬಹುದೆಂದು ತೋರಿಸಿದ್ದು ಕರ್ನಾಟಕದಿಂದ ಈ ಕ್ಷೇತ್ರಕ್ಕೆ ಸಂದ ಬಹು ಚರ್ಚಿತ ಕೊಡುಗೆ. ಆದರೆ ಶಿಕಾರಿಪುರ, ಸೊರಬಗಳಂಥ ಕಡೆ ಕವಾಟದ ಬೆಲೆ ಲೆಕ್ಕದ ಒಂದು ಸಾಲು ಮಾತ್ರ. ಗಂಟಲಿನ ತೇವದಲ್ಲಿ ಶಿಲೀಂಧ್ರವು ಪೊರೆಯಾಗಿ ಬೆಳೆದು ಕೆಲವು ತಿಂಗಳಲ್ಲಿ ಕವಾಟದ ಬಾಯಿ ಸರಿಯಾಗಿ ಮುಚ್ಚದಂತಾಗುತ್ತದೆ. ಕಾಫಿ ಕುಡಿದ ಕೂಡಲೇ ಕುತ್ತಿಗೆಯ ರಂಧ್ರದಿಂದ ಕೆಮ್ಮು ಬಂದರೆ ಅದನ್ನು ಬದಲಿಸುವ ಕಾಲ ಬಂತೆಂದು ಅರ್ಥ. ಬದಲಿಸುವುದು ಅರ್ಧ ಗಂಟೆಯ ಕೆಲಸ, ಪಯಣ ಎರಡು ದಿನದ್ದು: ಶಿಕಾರಿಪುರದಿಂದ ಶಿವಮೊಗ್ಗೆ ಸುಮಾರು 50 ಕಿ.ಮೀ., ಸೊರಬದಿಂದ ಇನ್ನೂ ದೂರ, ಶಿವಮೊಗ್ಗದಿಂದ ಬೆಂಗಳೂರು ಮುನ್ನೂರು ಕಿ.ಮೀ. ಸಮೀಪ. ಮಜ್ಜಿಗೆ ಕುಡಿದರೆ ಕವಾಟ ಹೆಚ್ಚು ದಿನ ಬಾಳುತ್ತದೆಂಬ ರೋಗಿಗಳ ನಂಬಿಕೆಯನ್ನು ಹಾಲೆಂಡಿನ ಖ್ರೋನಿಂಗೆನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗಕ್ಕೆ ಒಡ್ಡಿ, ಅದರಲ್ಲಿ ಹುರುಳಿರಬಹುದೆಂದು ಕಂಡಿದ್ದಾರೆ. ಊಟದ ಕೊನೆಗೆ ಮಜ್ಜಿಗೆ ಬಿಡದ ಊರುಗಳಲ್ಲಿ ಇದು ಸಂತೋಷದ ಸುದ್ದಿಯಾದರೂ ಅದನ್ನೇ ನೆಚ್ಚಿ ಕುಳಿತುಕೊಳ್ಳುವಂತಿಲ್ಲ. ಕವಾಟ ಹೊರಬಿದ್ದರೆ ತೂತು ತಾಸುಗಳೊಳಗೆ ಕಿರಿದಾಗತೊಡಗುತ್ತದೆ, ಆದ್ದರಿಂದ ಒಂದು ರಬ್ಬರ್ ನಳಿಕೆಯನ್ನು ಅದರಲ್ಲಿ ತೂರಿಸಿಟ್ಟುಕೊಂಡು ಆಸ್ಪತ್ರೆಗೆ ಹೊರಡಬೇಕು. ಈ ಎಲ್ಲ ಕಾರಣಕ್ಕೆ, ವರ್ಷಕ್ಕೆ ಮೂರು ನಾಲ್ಕು ಬಾರಿ ಓಡಾಡಲಾಗದವರಿಗೆ ಎಲೆಕ್ಟ್ರೋಲಾರಿಂಕ್ಸ್ ಅಥವಾ ಅನ್ನನಾಳದ ಮಾತೇ ಮೇಲು ಎಂದು ಸಲಹೆ ಕೊಡುವ ವೈದ್ಯರನ್ನು ಹಿಂದುಳಿದವರೆನ್ನಲಾಗದು.

ಹೊಸ ದನಿ ಕನ್ನಡಕ್ಕೆ ಹೊಂದಿಕೊಳ್ಳುವ ಬಗೆ ಈ ವಿಷಯದ ಅತ್ಯಂತ ಕುತೂಹಲದ ಭಾಗ. ಮೊದಲು ತೊಂದರೆಗೊಳಗಾಗುವುದು ಹಕಾರ, ಏಕೆಂದರೆ ಅದು ಧ್ವನಿಪೆಟ್ಟಿಗೆಯಲ್ಲೇ ಹುಟ್ಟುವ ಅಕ್ಷರ. ಹಳಗನ್ನಡದ ಪಕಾರವು ನಡುಗನ್ನಡದ ಕಾಲದಿಂದ ಹಕಾರವಾಗಿ ಪಾಲು ಹಾಲಾದ, ಪಣ್ಣು ಹಣ್ಣಾದ ಫಲವಾಗಿ ಹಾಲು, ಹುಲ್ಲು, ಹಸು, ಹೊಲ, ಹೆಸರು, ಹೋಗು ಎಂಬ ದಿನಬಳಕೆಯ ಮಾತುಗಳೆಲ್ಲ ಈಗ ಹಕಾರದಿಂದಲೇ ಶುರುವಾಗುತ್ತವೆ. ತುಟಿಯಿಂದ ಆಡುವ ಪಕಾರವಾದರೋ ಧ್ವನಿಪೆಟ್ಟಿಗೆಯಿಲ್ಲದವರಿಗೂ ಸುಲಭ. ಭಾಷೆಯ ಚರಿತ್ರೆಯಲ್ಲಿ ನಡೆದ ಬದಲಾವಣೆಯೊಂದು ಎಂಟು ನೂರು, ಸಾವಿರ ವರ್ಷಗಳ ಬಳಿಕ ಒಬ್ಬ ರೈತನ ಮಾತನ್ನು ಹೀಗೆ ಕಷ್ಟಕ್ಕೊಡ್ಡುತ್ತದೆ. ಹಕಾರ ಬಿಟ್ಟು ‘ಆಲು’ ಎಂದರೂ ಊರವರಿಗೆ ಅರ್ಥವಾಗುತ್ತದೆ, ಏಕೆಂದರೆ ಹಾಗೆ ಆಡುವ ಸೀಮೆಗಳೇ ಕನ್ನಡದಲ್ಲಿವೆ. ಎರಡನೆಯ ತೊಡಕು ಘೋಷ, ಅಘೋಷಗಳ ಭೇದ. ಕಕಾರ ಗಕಾರಗಳ ನಡುವಿನ ವ್ಯತ್ಯಾಸವಿರುವುದು ಧ್ವನಿತಂತುವಿನ ಕಂಪನವನ್ನು ಕ್ಷಣಮಾತ್ರ ನಿಲ್ಲಿಸಿ ಮತ್ತೆ ಹೊರಡಿಸುವುದರಲ್ಲಿ. ಅನ್ನನಾಳದ ಸ್ನಾಯುವಿಗೆ ಆ ಚುರುಕಿಲ್ಲ, ಗುಂಡಿ ಅದುಮಿದಷ್ಟು ಹೊತ್ತೂ ಗುಂಯ್‌ಗುಡುವ ಯಂತ್ರಕ್ಕಂತೂ ಇಲ್ಲವೇ ಇಲ್ಲ. ಹೀಗಾಗಿ ಕುರಿ ಗುರಿಯಾಗಿ, ಕಂಡ ಗಂಡನಾಗಿ ಕೇಳುತ್ತದೆ. ಕಕಾರವನ್ನು ಬಾಯಿಯ ಗಾಳಿಯಿಂದ ಬಿಗಿಯಾಗಿ ಒತ್ತಿ ಸಿಡಿಸುವ, ಗಕಾರವನ್ನು ಮೆತ್ತಗೆ ಬಿಡುವ ಅಭ್ಯಾಸದಿಂದ ಈ ಗೊಂದಲವನ್ನು ತಗ್ಗಿಸುತ್ತಾರೆ. ಮಹಾಪ್ರಾಣಗಳು ಆಡುಗನ್ನಡದಲ್ಲಿ ಹೇಗೂ ಸವೆದಿರುವುದರಿಂದ ಅವು ಹೋದರೆ ಕನ್ನಡಿಗರಿಗೆ ನಷ್ಟ ಅಲ್ಪ. ಶಿಕಾರಿಪುರ ತಾಲ್ಲೂಕಿನ ತಾಂಡಾಗಳ ಲಂಬಾಣಿ ಮಾತಿನವರಿಗೆ, ಮನೆಯಲ್ಲಿ ಉರ್ದು ಆಡುವವರಿಗೆ ಮಹಾಪ್ರಾಣದಿಂದಲೇ ಅರ್ಥ ಬದಲಾಗುವುದರಿಂದ ಅವರ ನಷ್ಟ ಹೆಚ್ಚು.

ಹ್ರಸ್ವ, ದೀರ್ಘಗಳ ಮಾತು ಬೇರೆ. ಬಳೆ ಬಾಳೆಗಳ ಭೇದ ಹೊತ್ತಿನ ಭೇದವಾದ್ದರಿಂದ ಅದಕ್ಕೆ ಧ್ವನಿತಂತು ಬೇಡ, ಗಾಳಿ ಬೇಕು. ಅನ್ನನಾಳದ ಮಾತಿನವರು ಅದನ್ನು ಜಿಪುಣತನದಿಂದ ಖರ್ಚು ಮಾಡಬೇಕಾಗುತ್ತದೆ. ಪ್ರತ್ಯಯಗಳನ್ನು ಒಂದರ ಹಿಂದೊಂದು ಪೋಣಿಸುವ ಕನ್ನಡದಲ್ಲಿ ‘ಕಳಿಸಿಕೊಡಬೇಕಾಗಿತ್ತಂತೆ’ ಎಂಬುದು ಒಂದೇ ಪದ, ಆದರೆ ಅನ್ನನಾಳದ ಗಾಳಿಗೆ ಅದು ಎರಡು ಮೂರು ತುತ್ತು; ಎಲ್ಲಿ ಮುರಿದು ಗಾಳಿ ತುಂಬಿಕೊಂಡರೆ ಕೇಳುವವನಿಗೆ ಅರ್ಥ ಕೆಡುವುದಿಲ್ಲವೆಂಬುದನ್ನು ಕಲಿಯಬೇಕು. ಭಾಷೆ ನೆರವಾಗುವ ಎಡೆಗಳೂ ಇವೆ. ಪ, ತ, ಕಗಳನ್ನು ಒತ್ತಿ ಹೇಳುವಾಗಲೇ ಒಂದಿಷ್ಟು ಗಾಳಿ ಅನ್ನನಾಳಕ್ಕಿಳಿಯುವುದರಿಂದ ತಾತ, ಕಾಕ, ಅಪ್ಪ, ಅಕ್ಕ, ಅತ್ತೆಯಂಥ ಮಾತುಗಳಿಂದ ಪಾಠ ಆರಂಭಿಸುವುದು ಹಿತ; ಕನ್ನಡದಲ್ಲಿ ಇವು ಬಂಧುಗಳನ್ನು ಕರೆಯುವ ಪದಗಳೂ ಆಗಿರುವುದು ಸೊಗಸಾದ ಆಕಸ್ಮಿಕ. ಏರಿಳಿತವಿಲ್ಲದ ಯಂತ್ರದ ದನಿಯಲ್ಲಿ ಪ್ರಶ್ನೆಯನ್ನು ಸೂಚಿಸುವುದು ಇಂಗ್ಲಿಷಿನವರಿಗೆ ಕಷ್ಟ. ಕನ್ನಡಕ್ಕೆ ‘ಬಂದನಾ’, ‘ಬಂದನೋ’ ಎಂಬ ಕೊನೆಯ ಸ್ವರವೇ ಸಾಕು. ಈ ಬಗೆಯ ವಾಕ್ ಚಿಕಿತ್ಸೆಗೆ ತರಬೇತಿ ಪಡೆದವರನ್ನು 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ತಯಾರಿಸುತ್ತ ಬಂದಿದೆ. ಶಸ್ತ್ರಚಿಕಿತ್ಸೆ, ವಿಕಿರಣಗಳೆರಡೂ ಒಂದೇ ಕಡೆ ದೊರೆಯುವ ಪ್ರಮುಖ ಸರ್ಕಾರಿ ಕೇಂದ್ರವೆಂದರೆ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ. ಮಣಿಪಾಲ, ಹುಬ್ಬಳ್ಳಿಗಳಿಗೂ ಈ ಭಾಗದಿಂದ ದಾರಿಯಿದೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುವ 12ನೆಯ ಶತಮಾನದ ಶಾಸನವು ಅಲ್ಲಿ ವ್ಯಾಕರಣಗಳ ಪಾಠವೂ ರೋಗಿಗಳ ಶುಶ್ರೂಷೆಯೂ ನಡೆಯುತ್ತಿದ್ದುದನ್ನು ಒಟ್ಟಿಗೇ ಹೇಳುತ್ತದೆ. ಅಕ್ಷರಗಳ ಸ್ಥಾನ ಪ್ರಯತ್ನಗಳನ್ನು ಬಲ್ಲವನೂ ಗಾಯ ಕಟ್ಟುವವನೂ ಒಂದೇ ಸೂರಿನಡಿ ಇರಬೇಕಾದ ಚಿಕಿತ್ಸೆ ಧ್ವನಿಯ ಪುನಃಪ್ರಾಪ್ತಿ.

ಕುತ್ತಿಗೆಯಿಂದ ಉಸಿರಾಡುವವನ ದಿನಚರಿ ಹಲವು ಕಡೆ ಬದಲಾಗುತ್ತದೆ. ಮೂಗು ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ತೇವಗೊಳಿಸುವ ಕೆಲಸ ನಿಂತುಹೋಗುವುದರಿಂದ ಮೆಕ್ಕೆಜೋಳ ಬಿಡಿಸುವ, ಭತ್ತ ತೂರುವ ಧೂಳು, ಕೊಳೆರೋಗಕ್ಕೆ ಅಡಿಕೆ ತೋಟದಲ್ಲಿ ಹೊಡೆಯುವ ಬೋರ್ಡೊ ದ್ರಾವಣದ ತುಂತುರು ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತವೆ. ರಂಧ್ರದ ಮೇಲೆ ತೇವದ ಬಟ್ಟೆಯನ್ನೋ ತೇವ ಹಿಡಿಯುವ ಸೋಸುಕವನ್ನೋ ಸದಾ ಕಟ್ಟಿರಬೇಕು. ಕೆರೆಗಳೇ ತುಂಬಿರುವ ಸೊರಬದಲ್ಲಿ ಎದೆಮಟ್ಟದ ನೀರಿಗಿಳಿಯುವುದೂ ಅಪಾಯ. ಭಾರ ಎತ್ತುವಾಗ ಉಸಿರನ್ನು ಎದೆಯಲ್ಲಿ ಬಿಗಿಹಿಡಿಯಲು ಧ್ವನಿಪೆಟ್ಟಿಗೆ ಮುಚ್ಚಬೇಕು. ಅದಿಲ್ಲದವನಿಗೆ ಭತ್ತದ ಚೀಲ ಹೊರುವ ಶಕ್ತಿ ತೋಳಲ್ಲಿದ್ದರೂ ಸಾಲದು. ಊದುಗೊಳವೆಯಿಂದ ಒಲೆ ಊದಲಾಗದು, ಬಿಸಿ ಕಾಫಿಯನ್ನು ಆರಿಸಲಾಗದು, ಮೂಗಿನಲ್ಲಿ ಗಾಳಿಯಾಡದ ಕಾರಣ ಅಡಿಕೆ ಬೇಯುವ ಚೊಗರಿನ ವಾಸನೆಯೂ ತಿಳಿಯದು; ತುಟಿ ಮುಚ್ಚಿ ಗದ್ದವನ್ನು ಕೆಳಗಿಳಿಸಿ ಆಕಳಿಸಿದಂತೆ ಮಾಡಿ ಮೂಗಿಗೆ ಗಾಳಿ ಎಳೆಯುವ ಉಪಾಯದಿಂದ ವಾಸನೆಯನ್ನು ಒಂದಿಷ್ಟು ಮರಳಿ ಪಡೆಯಬಹುದೆಂದು ಆಮ್‌ಸ್ಟರ್‌ಡಾಮ್‌ನ ವೈದ್ಯರು ತೋರಿಸಿದ್ದಾರೆ. ಹೆಂಗಸರ ಕಷ್ಟ ಇನ್ನೊಂದು ಬಗೆಯದು. ಹೊಸ ದನಿ ಗಂಡಿಗೂ ಹೆಣ್ಣಿಗೂ ಒಂದೇ ತಗ್ಗಿನಲ್ಲಿರುವುದರಿಂದ ಫೋನಿನಲ್ಲಿ ಅವರನ್ನು ಗಂಡಸೆಂದೇ ತಿಳಿಯುತ್ತಾರೆ. ಈ ಒಂದೇ ಕಾರಣಕ್ಕೆ ಕವಾಟವಿದ್ದೂ ಪಿಸುಮಾತಿಗೆ ಹಿಂದಿರುಗುವವರಿದ್ದಾರೆ.

ಮಂಗನ ಕಾಯಿಲೆ ಎಂದು ಹೆಸರಾದ ಕ್ಯಾಸನೂರು ಕಾಡಿನ ಕಾಯಿಲೆ 1957ರಲ್ಲಿ ಪತ್ತೆಯಾದ ಸೊರಬ ತಾಲ್ಲೂಕಿನ ಹೆಸರು ವೈದ್ಯಕೀಯ ಗ್ರಂಥಗಳಿಗೆ ಹೊಸದಲ್ಲ. ಮಂಗನ ಕಾಯಿಲೆಯ ಬಗ್ಗೆ ಅಲ್ಲಿನ ಆರೋಗ್ಯ ಸಿಬ್ಬಂದಿಗಿರುವ ಎಚ್ಚರದ ಒಂದಂಶವಾದರೂ ಕುತ್ತಿಗೆಯಿಂದ ಉಸಿರಾಡುವ ರೋಗಿಗಳ ವಿಷಯದಲ್ಲಿ ಬೇಕಾದೀತು. ಪ್ರಜ್ಞೆ ತಪ್ಪಿ ಬಂದ ಇಂಥವನ ಮೂಗಿಗೆ ಆಮ್ಲಜನಕದ ಮುಖವಾಡ ಹಾಕಿದರೆ ಪ್ರಯೋಜನವಿಲ್ಲ, ಅದನ್ನು ಕುತ್ತಿಗೆಯ ರಂಧ್ರದ ಮೇಲಿಡಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದೂ ಅಲ್ಲಿಗೇ. ರಾತ್ರಿ ಪಾಳಿಯ ದಾದಿಗೆ, ಆಂಬುಲೆನ್ಸಿನವರಿಗೆ ಇದು ಗೊತ್ತಿರಲೆಂದು ರೋಗಿಯು ‘ಕುತ್ತಿಗೆಯಿಂದ ಉಸಿರಾಡುವವನು’ ಎಂದು ಕನ್ನಡದಲ್ಲಿ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಳ್ಳುವುದು ರೂಢಿಯಾಗಬೇಕು. ಚಿಕಿತ್ಸೆಯ ವೆಚ್ಚಕ್ಕೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ವಾಕ್ ಮತ್ತು ಭಾಷಾ ವೈಕಲ್ಯವನ್ನು ವಿವರಿಸುವಾಗ ಧ್ವನಿಪೆಟ್ಟಿಗೆ ತೆಗೆದ ಸ್ಥಿತಿಯನ್ನು ಹೆಸರಿಸಿಯೇ ಹೇಳುವುದರಿಂದ, ಪೂರ್ಣ ಶಸ್ತ್ರಚಿಕಿತ್ಸೆಯಾದವರು ಕವಾಟದಿಂದ ಚೆನ್ನಾಗಿ ಮಾತನಾಡುತ್ತಿದ್ದರೂ ವೈಕಲ್ಯದ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು.